ಓಣಿ ನೋಡಬೇಕೆಂದರೆ ನೀರು ಇಳಿಯಬೇಕು

ಪರದೇಶದಲ್ಲಿ ನೆಲೆಸಿದವರು ಊರಿಗೆ ಹೊರಡುವ ಮುಂಚೆ ವಿಮಾನದ ಟಿಕೆಟ್ ದರ ನೋಡುತ್ತಾರೆ, ಮಕ್ಕಳ ಶಾಲೆಯ ರಜೆ ನೋಡುತ್ತಾರೆ. ಹಳೇ ಬಾಗಲಕೋಟೆಯ ತಗ್ಗಿನ ಓಣಿಗಳಲ್ಲಿ ಹುಟ್ಟಿದ ನಾವು ಇನ್ನೊಂದನ್ನೂ ನೋಡಬೇಕು. ಆಲಮಟ್ಟಿಯಲ್ಲಿ ನೀರು ಎಷ್ಟಿದೆ? ಜಲಾಶಯ 519.60 ಮೀಟರ್ ಮುಟ್ಟಿದ್ದರೆ ನಾವು ಆಡಿದ ಜಾಗ ಹಿನ್ನೀರಿನಡಿ ಇರುತ್ತದೆ. ಏಪ್ರಿಲ್, ಮೇ ಹೊತ್ತಿಗೆ ನೀರು ಹಿಂದೆ ಸರಿದರೆ ಬುನಾದಿಯ ಕಲ್ಲು, ಗೋಡೆಯ ಬುಡ, ಬಿರುಕು ಬಿಟ್ಟ ಕೆಸರು ಕಾಣುತ್ತವೆ. ಬಾಲ್ಯ ನೋಡಲು ಬರುವವರು ಉರಿಬಿಸಿಲಿನಲ್ಲೇ ಬರಬೇಕು.

ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಥೇಮ್ಸ್ ದಂಡೆಯ ಮೇಲೆ, ಬಸವಣ್ಣನ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದರು. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲರು ಹಟ ಹಿಡಿದು ಮಾಡಿಸಿದ ಕೆಲಸ ಅದು. ಕೂಡಲಸಂಗಮ, ಹುನಗುಂದ ಕಡೆಯವರು ಅಲ್ಲಿಗೆ ಹೋದರೆ ಮೊದಲು ಪ್ರತಿಮೆಗೆ ಕೈ ಮುಗಿಯುತ್ತಾರೆ, ಆಮೇಲೆ ಬಹಳ ಹೊತ್ತು ನದಿಯನ್ನೇ ನೋಡುತ್ತ ನಿಲ್ಲುತ್ತಾರೆ. ಥೇಮ್ಸ್‌ಗೆ ಸಮುದ್ರದ ಉಬ್ಬರವಿಳಿತ ತಟ್ಟುತ್ತದೆ. ದಿನಕ್ಕೆರಡು ಸಲ ನೀರು ಏರುತ್ತದೆ, ದಿನಕ್ಕೆರಡು ಸಲ ಇಳಿದು ದಂಡೆಯ ಉಸುಕನ್ನು ತೆರೆದು ತೋರಿಸುತ್ತದೆ.

ನಮ್ಮ ಸಂಗಮದಲ್ಲಿ ಏರಿದ ನೀರು ನಿಂತೇಬಿಟ್ಟಿತು. ಆಲಮಟ್ಟಿಯಿಂದ ಕೆಳಗೆ, ನಾರಾಯಣಪುರದಲ್ಲಿ, 1982ರಲ್ಲಿ ಬಸವಸಾಗರ ಅಣೆಕಟ್ಟು ಮುಗಿದ ಮೇಲೆ ಕೃಷ್ಣೆ-ಮಲಪ್ರಭೆ ಕೂಡುವ ಜಾಗ ಹಿನ್ನೀರಿಗೆ ಸೇರಿತು. ಬಸವಣ್ಣನ ಐಕ್ಯ ಸ್ಥಳವನ್ನು ಉಳಿಸಲು ಸುತ್ತ ಬಾವಿಯಂತೆ ಕಾಂಕ್ರೀಟ್ ಗೋಡೆ ಎಬ್ಬಿಸಿ, ದಂಡೆಯಿಂದ ಅಲ್ಲಿಗೆ ಸೇತುವೆ ಹಾಕಿದರು. ಈಗ ಸೇತುವೆ ದಾಟಿ, ಮೆಟ್ಟಿಲಿಳಿದು ಲಿಂಗದ ಮುಂದೆ ನಿಂತರೆ ಗೋಡೆಯಾಚೆಗಿನ ನೀರು ನಮ್ಮ ತಲೆಗಿಂತ ಮೇಲಿರುತ್ತದೆ. ಆ ಗೋಡೆ ಕಟ್ಟಿದ್ದು ಪುಣ್ಯದ ಕೆಲಸ. ಆದರೆ ಮುಳುಗಿದ ಒಂದೊಂದು ಹಳ್ಳಿಗೂ ಒಂದು ಅಗಸಿ ಇತ್ತು, ಹನುಮಪ್ಪನ ಗುಡಿ ಇತ್ತು, ಮುದುಕರು ಕೂಡುವ ಕಟ್ಟೆ ಇತ್ತು. ಅವಕ್ಕೆಲ್ಲ ಗೋಡೆ ಕಟ್ಟಲು ಯಾರಿಂದಲೂ ಆಗುತ್ತಿರಲಿಲ್ಲ.

ಬಾಗಲಕೋಟೆಯ ಮುಳುಗಡೆ ಒಂದು ರಾತ್ರಿಯ ನೆರೆಯಲ್ಲ. ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. 519.60 ಮೀಟರ್‌ವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ ಒಪ್ಪಿದ್ದು 2000ದ ಏಪ್ರಿಲ್‌ನಲ್ಲಿ. ರಾಷ್ಟ್ರಪತಿ ಅಬ್ದುಲ್ ಕಲಾಂ ಜಲಾಶಯವನ್ನು ನಾಡಿಗೆ ಅರ್ಪಿಸಿದ್ದು 2006ರಲ್ಲಿ. ಈ ನಡುವೆ ಒಂದಿಡೀ ತಲೆಮಾರು ‘ಇವತ್ತಲ್ಲ ನಾಳೆ ಮುಳುಗತೈತಿ’ ಎಂಬ ಮಾತು ಕೇಳುತ್ತಲೇ ಬೆಳೆಯಿತು. ಗೋಡೆ ಬಿರಿದರೆ ಮೆತ್ತುವ ಮನಸ್ಸಿಲ್ಲ, ಮಾಳಿಗೆ ಸೋರಿದರೆ ಹೊಸ ಜಂತಿ ಹಾಕಿಸುವ ಧೈರ್ಯವಿಲ್ಲ. ಹೇಗೂ ಬಿಡಬೇಕಾದ ಮನೆ. ಹೊರದೇಶಕ್ಕೆ ಹೋದ ನಮ್ಮಂಥವರಲ್ಲಿ ಎಷ್ಟೋ ಮಂದಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಮನೆಗೆ ಪರಿಹಾರದ ನೋಟಿಸು ಬರುವ ಹೊತ್ತಿಗೆ ಬೆಂಗಳೂರು ಸೇರಿ, ಅಲ್ಲಿಂದ ಮುಂದೆ ಹೋದವರು. ಮನೆ ಒಡೆಯುವಾಗ ನಾವು ಇರಲಿಲ್ಲ.

ಆ ಮನೆಗಳನ್ನು ನೋಡದವರಿಗೆ ಒಂದಿಷ್ಟು ಹೇಳಬೇಕು. ಕಲ್ಲು-ಮಣ್ಣಿನ ದಪ್ಪ ಗೋಡೆ, ಸಾಗವಾನಿ ಕಂಬ, ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಮಣ್ಣಿನ ಮೇಲ್ಮುದ್ದಿ. ನಡುವೆ ಬೆಳಕಿಂಡಿ. ಮಳೆ ಬಂದರೆ ಅದನ್ನು ಮುಚ್ಚಲು ಮಾಳಿಗೆ ಹತ್ತುವ ಕೆಲಸ ಹುಡುಗರದು. ಮನೆಗೆ ಮನೆ ಅಂಟಿಕೊಂಡಿರುತ್ತಿದ್ದುದರಿಂದ ಒಂದು ಮಾಳಿಗೆ ಹತ್ತಿದವನು ನೆಲಕ್ಕೆ ಕಾಲಿಡದೆ ಓಣಿಯ ತುದಿ ಮುಟ್ಟುತ್ತಿದ್ದ. ಬೇಸಿಗೆ ರಾತ್ರಿ ಇಡೀ ಓಣಿ ಮೇಲೆಯೇ ಮಲಗುತ್ತಿತ್ತು. ಈ ಮಾಳಿಗೆಯ ಅಜ್ಜಿ ಹೇಳುವ ಕಥೆಗೆ ಆ ಮಾಳಿಗೆಯ ಮಕ್ಕಳು ಹೂಂ ಅನ್ನುತ್ತಿದ್ದರು.

ಮನೆ ಬಿಡುವಾಗ ಜನ ಕಟ್ಟಿಗೆಯನ್ನು ಬಿಡಲಿಲ್ಲ. ತೊಲೆ, ಕಂಬ, ಬಾಗಿಲ ಚೌಕಟ್ಟು ಬಿಚ್ಚಿ ಹೊತ್ತರು. ನಮ್ಮ ಹಳೇ ತಲಬಾಗಿಲು ಈಗ, ಮುಳುಗಡೆಯವರಿಗೆಂದು ಕಟ್ಟಿದ ನವನಗರದ ಮನೆಯಲ್ಲಿ, ಅಡುಗೆಮನೆಗೆ ಹೋಗುವ ಬಾಗಿಲಾಗಿದೆ. ಹಳೇ ಅಳತೆ, ಗಿಡ್ಡ. ಎತ್ತರದವರು ಬಗ್ಗಿಯೇ ದಾಟಬೇಕು. ಅದರ ಹಿಂಬದಿಯಲ್ಲಿ ಅಜ್ಜಿ ಹಾಲಿನ ಲೆಕ್ಕಕ್ಕೆ ಎಳೆದ ಸುಣ್ಣದ ಗೆರೆಗಳಿವೆ, ಐದಕ್ಕೊಂದು ಅಡ್ಡಗೆರೆ. ಬಣ್ಣ ಬಳಿಯಲು ಬಂದವನಿಗೆ ಅಪ್ಪ ಆ ಹಲಗೆಯೊಂದನ್ನು ಮುಟ್ಟಲು ಬಿಡಲಿಲ್ಲ.

ನವನಗರ ಕೆಟ್ಟ ಊರಲ್ಲ. ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಯೋಜನೆ ಹಾಕಿದ ಊರು. ಅಗಲ ರಸ್ತೆ, ಗಟಾರ, ಗಿಡಮರ, ದವಾಖಾನೆ ಎಲ್ಲ ಇವೆ. ಓಣಿಯ ಹೆಸರಿನ ಜಾಗದಲ್ಲಿ ಸೆಕ್ಟರ್ ನಂಬರ್ ಬಂತು, ಒಂದೇ ಗೋಡೆ ಹಂಚಿಕೊಂಡವರು ಬೇರೆ ಬೇರೆ ಸೆಕ್ಟರ್‌ಗೆ ಹಂಚಿಹೋದರು. ನನಗೆ ಊರು ಬಿಟ್ಟ ಸಂಕಟ, ಅವ್ವನಿಗೆ ಊರಲ್ಲೇ ಉಳಿದ ಸಮಾಧಾನ ಎಂದೇ ಬಹುಕಾಲ ಅಂದುಕೊಂಡಿದ್ದೆ. ಒಂದು ದಿನ ವಿಡಿಯೊ ಕಾಲ್‌ನಲ್ಲಿ ಅವ್ವ ಅಂದಳು: “ನೀ ಏಳು ಸಮುದ್ರ ದಾಟಿ ಹೋದಿ ತಮ್ಮಾ, ನಾ ಬರೇ ಟಂಟಂ ಹತ್ತಿ ಬಂದೆ. ಆದ್ರ ಓಣಿ ನಿನಗೂ ಇಲ್ಲ, ನನಗೂ ಇಲ್ಲ.” ಆಮೇಲೆ ನಾನು ಅವಳೆದುರು ಊರು ನೆನೆದು ಅಳುವುದನ್ನು ಬಿಟ್ಟೆ. ಅವಳನ್ನು ಕೇಳಲು ಶುರು ಮಾಡಿದೆ.

ಹೋಳಿ ಮಾತ್ರ ಸೆಕ್ಟರ್‌ಗೆ ಬಗ್ಗಿಲ್ಲ. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ ಎಂಬ ಹೆಸರುಗಳು ವರ್ಷಕ್ಕೊಮ್ಮೆ ಹಲಗೆಯ ಸದ್ದಿನೊಂದಿಗೆ ಎದ್ದು ಕೂಡುತ್ತವೆ. ಬ್ಯಾರೆಲ್‌ಗಟ್ಟಲೆ ಬಣ್ಣದ ನೀರು ಹೊತ್ತ ಬಂಡಿಗಳು ಎದುರುಬದುರಾಗಿ ನಿಂತಾಗ ಯಾರು ಯಾವ ಪೇಟೆಯವರು ಎಂಬುದು ಮತ್ತೆ ಲೆಕ್ಕಕ್ಕೆ ಬರುತ್ತದೆ. ನವನಗರದವರೂ ಹಳೇ ಊರಿಗೆ ಬಂದು ಬಣ್ಣ ಆಡುತ್ತಾರೆ. ದೀಪಾವಳಿಗೆ ರಜೆ ಸಿಗದಿದ್ದರೂ ಚಿಂತೆಯಿಲ್ಲ, ಹೋಳಿಗೆ ಸಿಗಬೇಕು ಅನ್ನುವ ಬಾಗಲಕೋಟೆಯವರು ಎಲ್ಲ ದೇಶದಲ್ಲೂ ಇದ್ದಾರೆ.

ಇಳಕಲ್ಲಿನ ಗೆಳೆಯರ ದುಃಖವೇ ಬೇರೆ ನಮೂನೆ. ಅವರ ಓಣಿ ನಿಂತಿದೆ, ಸದ್ದು ಹೋಗಿದೆ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು, ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸಿ ನೇಯುವವರು ಕಡಿಮೆಯಾದರು. ಪವರ್‌ಲೂಮಿನ ಒಂದೇ ಸಮನೆಯ ಗದ್ದಲ ಬಂತು. ಅವ್ವನ ಟೋಪ್ ತೆನಿ ಸೆರಗಿನ ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದವರು ಊರಿಗೆ ಬಂದಾಗ ನಿಂತು ಕಿವಿಗೊಡುವುದು ಆ ಹಳೇ ಮಗ್ಗದ ಸದ್ದಿಗೆ.

ಇದೆಲ್ಲ ಈಗ ಬರೆಯಲು ಕಾರಣವಿದೆ. ಆಲಮಟ್ಟಿಯ ಎತ್ತರವನ್ನು 524.256 ಮೀಟರ್‌ಗೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣ ಒಪ್ಪಿದೆ. ನೀರು ಇನ್ನೂ ನಾಲ್ಕೂವರೆ ಮೀಟರ್‌ನಷ್ಟು ಏರಿದರೆ ಹಳೇ ಬಾಗಲಕೋಟೆಯ ಉಳಿದ ಭಾಗದಲ್ಲೂ ಎಷ್ಟೋ ಮನೆಗಳು ಹೋಗುತ್ತವೆ, ಮತ್ತಷ್ಟು ಹಳ್ಳಿಗಳು ಹೋಗುತ್ತವೆ. ಒಣಭೂಮಿಗೆ ನೀರು ಬೇಕು. ಅದರ ವಿರುದ್ಧ ನಾನು ಒಂದು ಮಾತೂ ಆಡಲಾರೆ. ಆದರೆ ಸರ್ಕಾರಿ ದಾಖಲೆಯಲ್ಲಿ ಸರ್ವೆ ನಂಬರ್, ಚದರಡಿ, ಪರಿಹಾರದ ಮೊತ್ತ ಇರುತ್ತವೆ. ಹಿಟ್ಟಿನ ಗಿರಣಿ ದಾಟಿದರೆ ಯಾರ ಮನೆ, ಯಾವ ಬೇವಿನ ಗಿಡದಡಿ ಪಂಚಾಯ್ತಿ ಕೂಡುತ್ತಿತ್ತು, ಹೆಣ್ಣುಮಕ್ಕಳು ಯಾವ ಸಂದಿಯಿಂದ ಹೊಳೆಗೆ ಇಳಿಯುತ್ತಿದ್ದರು ಎಂಬುದು ಇರುವುದಿಲ್ಲ.

ಅವ್ವ ಹೇಳಿದಂತೆ ನಾನು ನಮ್ಮ ಓಣಿಯ ನಕ್ಷೆ ಬರೆಯುತ್ತಿದ್ದೇನೆ. ಅದನ್ನು ಓಣಿಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದಾಗ ಅಮೆರಿಕ, ದುಬೈ, ಪುಣೆ ಎಲ್ಲ ಕಡೆಯಿಂದ ತಿದ್ದುಪಡಿ ಬಂದವು. ಬಡಿಗೇರರ ಮನೆ ಬಾವಿಯ ಬಲಕ್ಕೋ ಎಡಕ್ಕೋ ಎಂಬ ಜಗಳ ಇನ್ನೂ ಮುಗಿದಿಲ್ಲ. ನಮಗೆ ನಿಂತ ಮನೆಗಳನ್ನು ನೋಡಿ ತೀರ್ಮಾನಿಸುವ ದಾರಿಯಿಲ್ಲ. ಇನ್ನೂ ಮುಳುಗದ ಓಣಿಯವರಿಗೆ ಇದೆ. ಬರುವ ಹೋಳಿಗೆ ಊರಿಗೆ ಬರುವವರು ಬಣ್ಣದ ಮರುದಿನ ಒಂದು ಟೇಪು, ಒಂದು ನೋಟ್‌ಬುಕ್ಕು ಹಿಡಿದು, ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಂಡು ತಮ್ಮ ಓಣಿಯನ್ನು ಒಂದು ತುದಿಯಿಂದ ಅಳೆಯುತ್ತ ಬನ್ನಿ.