ಬಾದಾಮಿಯಲ್ಲಿ ನಾಲ್ಕು ಗಂಟೆ: ಮಂಗಳೇಶನ ಕಲ್ಮನೆ

ಹೆಗಲಿಗೆ ಬ್ಯಾಗು ಹಾಕ್ಕೊಂಡು ಊರೂರು ಸುತ್ತುವಾಗ ಬಾದಾಮಿಗೆ ಸಿಕ್ಕಿದ್ದು ನಾಲ್ಕೇ ಗಂಟೆ ಅಂದ್ರೆ ನನ್ನ ಸಲಹೆ ಇಷ್ಟೇ: ಉಳಿದದ್ದನ್ನು ಬಿಟ್ಟು ಮೂರನೆಯ ಗುಹೆಯಲ್ಲಿ ಕೂತುಬಿಡಿ. ಹೋದ ಸಲ ನಾನು ಹಾಗೇ ಮಾಡಿದೆ. ಅದಕ್ಕೂ ಮುಂಚೆ ಎರಡು ಸಲ ಬಂದಾಗ ಸಂಸ್ಕೃತ ಶಾಸನವೊಂದನ್ನೇ ನೋಡಿ, ಹೊರಗಿನ ಬಂಡೆಯ ಕನ್ನಡ ಶಾಸನವನ್ನು ದಾಟಿಕೊಂಡೇ ಹೋಗಿದ್ದೆ!

ಅರೆಗಂಬದ ಮೇಲಿರುವ ಸಂಸ್ಕೃತ ಶಾಸನ ಕಾಲವನ್ನು ಅಂಕಿಯಲ್ಲಲ್ಲ, ಪದಗಳಲ್ಲಿ ಹೇಳುತ್ತದೆ: ಶಕವರ್ಷ 500 ಕಳೆದಿತ್ತು, ಕಾರ್ತಿಕ ಹುಣ್ಣಿಮೆ, ಕೀರ್ತಿವರ್ಮನ ಆಳ್ವಿಕೆಯ 12ನೆಯ ವರ್ಷ. 78 ಕೂಡಿಸಿದರೆ ಕ್ರಿ.ಶ. 578. ಹಿಂದಕ್ಕೆ ಎಣಿಸಿದರೆ ಕೀರ್ತಿವರ್ಮ ಪಟ್ಟಕ್ಕೆ ಬಂದದ್ದು 566–67ರಲ್ಲಿ. ಗುಹಾಲಯಗಳ ಕಾಲವನ್ನು ಬಹುಪಾಲು ಶೈಲಿ ನೋಡಿ ಊಹಿಸಬೇಕು. ಇಲ್ಲಿ ಕಲ್ಲೇ ಹೇಳುತ್ತದೆ. ನನ್ನಂಥ ಇಂಜಿನಿಯರಿಗೆ ಇದು ಸರ್ವೆಯ ಬೆಂಚ್‌ಮಾರ್ಕ್ ಇದ್ದ ಹಾಗೆ.

ಗುಹೆ ಮಾಡಿಸಿದವನು ತಮ್ಮ ಮಂಗಳೇಶ. ಆದರೆ ಪುಣ್ಯವೆಲ್ಲ ಅಣ್ಣ ಕೀರ್ತಿವರ್ಮನಿಗೆ ಸೇರಲಿ, ತನಗೆ ಅಣ್ಣನ ಸೇವೆಯ ಫಲ ಸಾಕು ಎಂದು ಬರೆಸಿದ್ದಾನೆ. ಇದನ್ನು ಓದುವಾಗ 634ರ ಐಹೊಳೆ ಶಾಸನ ನೆನಪಿರಬೇಕು. ಅಣ್ಣನ ನಂತರ ರಾಜನಾದ ಇದೇ ಮಂಗಳೇಶ ಪಟ್ಟವನ್ನು ತನ್ನ ಮಗನಿಗೆ ಕೊಡಲು ಹೋಗಿ, ಅಣ್ಣನ ಮಗ ಇಮ್ಮಡಿ ಪುಲಕೇಶಿಯ ಎದುರು ರಾಜ್ಯವನ್ನೂ ಜೀವವನ್ನೂ ಕಳೆದುಕೊಂಡ ಅಂತ ಅದು ಹೇಳುತ್ತದೆ. ಅದನ್ನು ಬರೆದ ರವಿಕೀರ್ತಿ ಗೆದ್ದವನ ಆಶ್ರಯದಲ್ಲಿದ್ದವನು, ಅದೂ ನೆನಪಿರಲಿ. ಹಾಗಾಗಿ 578ರ ಮಾತನ್ನು ನಾಟಕ ಅನ್ನೋಕೆ ನನಗೆ ಮನಸ್ಸಿಲ್ಲ.

ಇದೇ ಶಾಸನದಲ್ಲಿ ದಿನಾ 16 ಬ್ರಾಹ್ಮಣರಿಗೆ ಊಟದ ಏರ್ಪಾಡಿದೆ. ಉಳಿದದ್ದು ಪರಿವ್ರಾಜಕರಿಗೆ, ಅಂದರೆ ಊರೂರು ಅಲೆಯುವ ಸನ್ಯಾಸಿಗಳಿಗೆ. (ನಾನು ಖಾನಾವಳಿಯಲ್ಲಿ ದುಡ್ಡು ಕೊಟ್ಟೇ ಜೋಳದ ರೊಟ್ಟಿ ತಿಂದೆ.)

ಇನ್ನು ಹೊರಗಿನ ಕನ್ನಡ ಶಾಸನ. ಚಿಕ್ಕದು, ಹೊಗಳಿಕೆ ಕಮ್ಮಿ. ಸಂಸ್ಕೃತ ಶಾಸನ ಗುಹೆಯನ್ನು ಮಹಾವಿಷ್ಣುಗೃಹ ಅನ್ನುತ್ತದೆ. ಕನ್ನಡದ್ದು ಬರೀ ‘ಕಲ್ಮನೆ’. ದಾನ ಕೊಟ್ಟ ಹಳ್ಳಿ ಅಲ್ಲಿ ಲಂಜೀಶ್ವರ, ಇಲ್ಲಿ ಲಂಜಿಗೇಸರ. ಇಂದಿನ ನಂದಿಕೇಶ್ವರವೇ ಅದು ಎಂದು ಗುರುತಿಸಿದ್ದಾರೆ. ಒಂದೇ ಊರು, ಎರಡು ಉಚ್ಚಾರ. ಊರವರ ಬಾಯಲ್ಲಿದ್ದದ್ದು ಎರಡನೆಯದೇ ಅಂತ ನನ್ನ ಅನಿಸಿಕೆ. ಹೂಮಾಲೆ ಕಟ್ಟುವ ಮಾಲಾಕಾರರೂ ಈ ಕೆಲವೇ ಸಾಲುಗಳಲ್ಲಿ ಜಾಗ ಪಡೆದಿದ್ದಾರೆ.

ಓದುವುದಕ್ಕೆ ಟಾರ್ಚ್ ಬೇಕು. ನೇರ ಬೆಳಕು ಬಿಟ್ಟರೆ ಅಕ್ಷರ ಮಾಯ. ಬಂಡೆಗೆ ಒತ್ತಿದಂತೆ ಪಕ್ಕದಿಂದ ಬಿಡಿ, ಗೆರೆಗಳಲ್ಲಿ ನೆರಳು ತುಂಬಿ ಅಕ್ಷರ ಎದ್ದು ಬರುತ್ತದೆ. ಸೀಮೆಸುಣ್ಣ, ನೀರು ಖಂಡಿತ ಬೇಡ, ಬೆರಳಲ್ಲಿ ಸವರುವುದೂ ಬೇಡ. ಮರಳುಗಲ್ಲು ಬೇಗ ಸವೆಯುತ್ತದೆ. ಸವೆಸಿದವರಿಗೆ ಏನಾಗುತ್ತದೆ ಅಂತ ಕೊನೆಯ ಸಾಲು ನೋಡಿಕೊಳ್ಳಿ: ಈ ದಾನವನ್ನು ಅಳಿದವನು ಏಳನೆಯ ನರಕದಲ್ಲಿ ಹುಳುವಾಗುತ್ತಾನಂತೆ.