ದೈನಂದಿನ ಶ್ರಮವನ್ನು ಅಳೆಯುವ ಬಗೆ

ದೇಹಶ್ರಮವು ಹೃದಯಕ್ಕೆ ಹಿತವೆಂಬುದು ಹಳೆಯ ಮಾತು. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ, ಕುಳಿತೇ ದುಡಿಯುವ ಚಾಲಕರಲ್ಲಿ ಹೃದ್ರೋಗ ಅಧಿಕವೆಂದು ಡಾ. ಜೆರ್ರಿ ಮಾರಿಸ್ ಹಾಗೂ ಸಂಗಡಿಗರು 1953ರಲ್ಲಿ ತೋರಿಸಿದರು. ಆದರೆ ಚಾಲಕರ ಸಮವಸ್ತ್ರದ ಸೊಂಟದಳತೆಯೂ ಹಿರಿದೆಂದು 1956ರಲ್ಲಿ ಅವರೇ ಪ್ರಕಟಿಸಿದರು. ಇದು ಉದ್ಯೋಗದ ಫಲವೋ, ಮೈಕಟ್ಟಿನ ಭೇದವೋ? ಉದ್ಯೋಗದ ಹೆಸರಷ್ಟೇ ಸಾಲದೆ, ವ್ಯಕ್ತಿವ್ಯಕ್ತಿಯ ಚಟುವಟಿಕೆಯನ್ನೂ ಅಳೆಯಬೇಕಾಯಿತು.

ಪ್ರಶ್ನಾವಳಿಯು ಅಗ್ಗವಾದರೂ ನೆನಪನ್ನೇ ನಂಬಿದೆ. ಆಟ, ವ್ಯಾಯಾಮಗಳು ನೆನಪಿನಲ್ಲುಳಿಯುತ್ತವೆ. ಕಸ ಗುಡಿಸಿದ್ದು, ನೀರು ಹೊತ್ತದ್ದು ಮರೆತುಹೋಗುತ್ತದೆ. ಹೆಜ್ಜೆ ಎಣಿಸುವ ಯಂತ್ರಕ್ಕೆ ಒಂದೆಡೆ ನಿಂತು ಬಟ್ಟೆ ಒಗೆಯುವವರ ಶ್ರಮ ಕಾಣದು. ಮಣಿಕಟ್ಟಿನ ವೇಗೋತ್ಕರ್ಷಮಾಪಕವು ಕೈಯ ಚಲನೆಯನ್ನೂ ದಾಖಲಿಸುತ್ತದೆ. ಬ್ರಿಟನ್ನಿನ ಬಯೋಬ್ಯಾಂಕ್ ಅಧ್ಯಯನದಲ್ಲಿ 2013ರಿಂದ 2015ರವರೆಗೆ ಸುಮಾರು ಒಂದು ಲಕ್ಷ ಮಂದಿ ತಲಾ ಏಳು ದಿನ ಅದನ್ನು ಧರಿಸಿದರು. ಆದರೂ ಹೊತ್ತ ಭಾರವೆಷ್ಟೆಂದು ಅದು ಅರಿಯದು.

ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿತು. ಮನೆಗೆಲಸವನ್ನೂ ಅದರಲ್ಲಿ ಪರಿಗಣಿಸಿತು. ಗೃಹಿಣಿಯ ದುಡಿಮೆ ಲೆಕ್ಕ ತಪ್ಪಿದರೆ, ಆಕೆಗೆ ನೀಡುವ ವೈದ್ಯಕೀಯ ಸಲಹೆಯೂ ತಪ್ಪೀತು. ಆದುದರಿಂದ ಸಮೀಕ್ಷಕರು ಬಂದು ಕೇಳಿದಾಗ, “ಮನೆಯಲ್ಲೇ ಇರುತ್ತೇನೆ” ಎಂದಷ್ಟೇ ಹೇಳದೆ, ಮಾಡಿದ ಕೆಲಸವನ್ನೆಲ್ಲ ವಿವರವಾಗಿ ತಿಳಿಸುವುದು ಒಳಿತು.