ಎದೆಯುರಿ: ಕಾರಣ, ಪರಿಹಾರ ಮತ್ತು ಎಚ್ಚರಿಕೆ

ಹೆಸರಿನಲ್ಲಿ ಎದೆ ಇದ್ದರೂ ಎದೆಯುರಿಯ ಮೂಲವಿರುವುದು ಹೃದಯದಲ್ಲಲ್ಲ, ಅನ್ನನಾಳದಲ್ಲಿ. ಅನ್ನನಾಳವು ಜಠರವನ್ನು ಸೇರುವೆಡೆ ಉಂಗುರಾಕಾರದ ಸ್ನಾಯುವೊಂದಿದೆ. ಆಹಾರ ಇಳಿಯುವಾಗ ತೆರೆದುಕೊಂಡು, ಬಳಿಕ ಬಿಗಿಯಾಗಿ ಮುಚ್ಚಿಕೊಳ್ಳುವುದು ಅದರ ಕೆಲಸ. ಅದು ಅಕಾಲದಲ್ಲಿ ಸಡಿಲಗೊಂಡರೆ ಜಠರದ ಆಮ್ಲ ಮೇಲಕ್ಕೇರುತ್ತದೆ. ಆಮ್ಲವನ್ನು ತಾಳಿಕೊಳ್ಳುವ ದಪ್ಪ ಲೋಳೆಯ ಕವಚ ಜಠರಕ್ಕಿದೆ, ಅನ್ನನಾಳಕ್ಕಿಲ್ಲ. ಉರಿ ಮತ್ತು ಹುಳಿತೇಗು ಕಾಣಿಸಿಕೊಳ್ಳುವುದು ಆಗಲೇ.

ಹೊಟ್ಟೆ ಬಿರಿಯುವ ಊಟ, ಕರಿದ ತಿಂಡಿ, ಧೂಮಪಾನ ಹಾಗೂ ಮದ್ಯಪಾನ ಈ ತೊಂದರೆಯನ್ನು ಹೆಚ್ಚಿಸುತ್ತವೆ; ಕೆಲವರಿಗೆ ಕಾಫಿಯೂ ಒಗ್ಗುವುದಿಲ್ಲ. ಬೊಜ್ಜು ಮತ್ತು ಗರ್ಭಾವಸ್ಥೆಯಲ್ಲಿ ಹೊಟ್ಟೆಯ ಮೇಲಿನ ಒತ್ತಡವೂ ಕಾರಣವಾಗುತ್ತದೆ.

ರಾತ್ರಿಯ ಊಟಕ್ಕೂ ನಿದ್ರೆಗೂ ನಡುವೆ ಕನಿಷ್ಠ 2-3 ಗಂಟೆಗಳ ಅಂತರವಿರಲಿ. ದಿಂಬುಗಳನ್ನು ಪೇರಿಸಿದರೆ ಕತ್ತಷ್ಟೇ ಬಾಗುತ್ತದೆ. ಅದರ ಬದಲು ಮಂಚದ ತಲೆಭಾಗವನ್ನೇ ಸುಮಾರು 15 ಸೆಂ.ಮೀ. ಎತ್ತರಿಸುವುದು ಲೇಸು. ಎಡಮಗ್ಗುಲಿಗೆ ಮಲಗುವುದೂ ಹಿತಕರ. ತೂಕ ಹೆಚ್ಚಿದ್ದವರು ಅದನ್ನು ಇಳಿಸಿಕೊಂಡರೆ ಉಪಶಮನ ದೊರೆಯುತ್ತದೆ. ಒಮೆಪ್ರಜೋಲ್‌ನಂತಹ ಮಾತ್ರೆಗಳು ಆಮ್ಲದ ಉತ್ಪತ್ತಿಯನ್ನು ತಗ್ಗಿಸುತ್ತವೆಯೇ ಹೊರತು ಸ್ನಾಯುವನ್ನು ಸರಿಪಡಿಸುವುದಿಲ್ಲ. ಅವನ್ನು ಸಾಮಾನ್ಯವಾಗಿ ಆಹಾರಕ್ಕೆ ಅರ್ಧ ಗಂಟೆ ಮೊದಲು ಸೇವಿಸಬೇಕು. ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ಮುಂದುವರಿಸುವುದು ಸಲ್ಲದು.

ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಮಲ ಕಪ್ಪಾದರೆ ತಪಾಸಣೆ ಅನಿವಾರ್ಯ. ಎಲ್ಲಕ್ಕಿಂತ ಮುಖ್ಯವಾಗಿ, ಎದೆ ಬಿಗಿದು, ನೋವು ತೋಳು ಅಥವಾ ದವಡೆಗೆ ಹರಡಿ, ಬೆವರು, ಉಸಿರಾಟದ ತೊಂದರೆ ಕಾಣಿಸಿಕೊಂಡರೆ ಅದು ಹೃದಯಾಘಾತವಿರಬಹುದು. ಆಗ ‘ಬರೀ ಗ್ಯಾಸ್’ ಎಂದು ಸೋಡಾ ಕುಡಿದು ಕಾಯದೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು.